ಬರೆಯೋಕೆ ನೀನ್ಯಾರು?

ಪ್ರಶ್ನೆ: ಯಾವುದೋ ದೇಶದಲ್ಲಿ ಎರಡು ವಾರ ಸುತ್ತಾಡಿ ಬಂದವರು ಆ ದೇಶದ ಬಗ್ಗೆ ಪುಸ್ತಕವನ್ನೇ ಬರೆದುಬಿಡುತ್ತಾರೆ. ಅಲ್ಲಿ ಹುಟ್ಟಿ ಬೆಳೆಯದವರಿಗೆ ಈ ಅಧಿಕಾರ ಕೊಟ್ಟವರು ಯಾರು?

ಉತ್ತರ: ಯಾರೂ ಕೊಟ್ಟಿಲ್ಲ. ಹಾಗೆ ನೋಡಿದರೆ ಅಲ್ಲೇ ಹುಟ್ಟಿದವರಿಗೂ ಯಾರೂ ಕೊಟ್ಟಿಲ್ಲ, ಅಲ್ವಾ? ರಾಜಧಾನಿಯಲ್ಲಿ ಬೆಳೆದವರು ಗಡಿಯ ಹಳ್ಳಿ ಬಗ್ಗೆ ಬರೆದರೆ ಅವರೂ ಹೊರಗಿನವರೇ. ಇನ್ನೊಂದು ವಿಷಯ, ಹೊರಗಿನವರು ಹೊಗಳಿ ಬರೆದಾಗ ಈ ಪ್ರಶ್ನೆ ಏಳುವುದೇ ಇಲ್ಲ, ಅದನ್ನು ನಾವೇ ಹತ್ತು ಜನಕ್ಕೆ ಓದಿ ಹೇಳುತ್ತೇವೆ.

ಆದರೂ ನಿಮ್ಮ ಸಿಟ್ಟು ಸುಮ್ನೆ ಬಂದದ್ದಲ್ಲ. ಜೇಮ್ಸ್ ಮಿಲ್ ಅಂತ ಒಬ್ಬ ಬ್ರಿಟಿಷ್ ಲೇಖಕ ಇದ್ದ. 1817ರಲ್ಲಿ ಬ್ರಿಟಿಷ್ ಇಂಡಿಯಾದ ದೊಡ್ಡ ಇತಿಹಾಸ ಪ್ರಕಟಿಸಿದ. ಇಂಡಿಯಾಕ್ಕೆ ಒಮ್ಮೆಯೂ ಬಂದವನಲ್ಲ, ಇಲ್ಲಿನ ಒಂದು ಭಾಷೆಯೂ ಬರುತ್ತಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ ಪುಣ್ಯಾತ್ಮ! ಇಂಡಿಯಾದಲ್ಲಿ ಇಡೀ ಆಯಸ್ಸು ಕಳೆದು ಕಣ್ಣು, ಕಿವಿಯಿಂದ ತಿಳಿಯುವುದಕ್ಕಿಂತ ಇಂಗ್ಲೆಂಡಿನ ಕೋಣೆಯಲ್ಲಿ ಕೂತು ಒಂದೇ ವರ್ಷದಲ್ಲಿ ಜಾಸ್ತಿ ತಿಳಿಯಬಹುದು ಅಂತ ಮುನ್ನುಡಿಯಲ್ಲೇ ಬರೆದ. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ನಮ್ಮನ್ನು ಆಳಲು ಬರುವ ಹುಡುಗರು ಇಂಗ್ಲೆಂಡಿನಲ್ಲಿದ್ದ ಕಂಪನಿಯ ಹೇಲಿಬರಿ ಕಾಲೇಜಿನಲ್ಲಿ ಆ ಪುಸ್ತಕವನ್ನೇ ಓದಿಕೊಂಡು ಹಡಗು ಹತ್ತಿದರು. ತಪ್ಪು ಬರೆದದ್ದಕ್ಕಿಂತ ನನಗೆ ಚುಚ್ಚುವುದು ಇದೇ. ಯಾರ ಬಗ್ಗೆ ಬರೆದನೋ ಅವರಿಗೆ ‘ಸ್ವಾಮಿ, ಇದು ಹಾಗಲ್ಲ’ ಅನ್ನಲು ಜಾಗವೇ ಇರಲಿಲ್ಲ.

ಇದರ ಉಲ್ಟಾ ಕಥೆಯೂ ಇದೆ. ಅಮೆರಿಕದ ಕಪ್ಪು ಜನರ ಸ್ಥಿತಿಗತಿ ಅಧ್ಯಯನ ಮಾಡಿಸಲು ಅಲ್ಲಿನ ಕಾರ್ನೆಗೀ ಎಂಬ ದತ್ತಿ ಸಂಸ್ಥೆ ಬೇಕಂತಲೇ ಹೊರದೇಶದವರನ್ನು ಹುಡುಕಿ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ ಅವರನ್ನು ಕರೆಸಿತು. ಅವರು ದಕ್ಷಿಣದ ರಾಜ್ಯಗಳನ್ನು ಸುತ್ತಿದರು, ರಾಲ್ಫ್ ಬಂಚ್ ಥರದ ಕಪ್ಪು ವಿದ್ವಾಂಸರನ್ನು ಜೊತೆಗೆ ಸೇರಿಸಿಕೊಂಡರು. ಪುಸ್ತಕ ಬಂದದ್ದು 1944ರಲ್ಲಿ. ಶಾಲೆಗಳಲ್ಲಿ ಬಿಳಿ, ಕಪ್ಪು ಮಕ್ಕಳನ್ನು ಬೇರೆಬೇರೆ ಕೂರಿಸುವುದು ತಪ್ಪು ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ತೀರ್ಪಿನ ಅಡಿಟಿಪ್ಪಣಿಯಲ್ಲಿ ಈ ಪುಸ್ತಕದ ಹೆಸರಿದೆ.

ಹಾಗಾಗಿ ಬರೆದವರ ಪಾಸ್‌ಪೋರ್ಟ್ ನಾನು ನೋಡುವುದಿಲ್ಲ. ‘ನಾನು ಕಂಡೆ’ ಅನ್ನುವುದು ಯಾವ ಪುಟದಲ್ಲಿ ‘ಈ ಜನರೇ ಹೀಗೆ’ ಅಂತ ಆಗುತ್ತದೆ ಅನ್ನುವುದನ್ನು ನೋಡುತ್ತೇನೆ. ಏರ್‌ಪೋರ್ಟಿನಿಂದ ಕರೆತಂದ ಟ್ಯಾಕ್ಸಿ ಡ್ರೈವರ್ ಗೊಣಗಿದ್ದು ಮೂರನೇ ಪುಟದ ಹೊತ್ತಿಗೆ ಇಡೀ ದೇಶದ ಸ್ವಭಾವ ಆಗಿಬಿಟ್ಟಿದ್ದರೆ ಅಲ್ಲಿಗೇ ಮುಚ್ಚಿಡುತ್ತೇನೆ. ಎರಡು ವಾರ ಇದ್ದವರು ಆ ಎರಡು ವಾರದ್ದನ್ನಷ್ಟೇ ಬರೆಯಲಿ, ಖುಷಿಯಾಗಿ ಓದೋಣ.