ಮಿಂಟ್ ಹಾಕಿದ ಮೇಲೆ ವೈಫೈ ಕಾಣದಿದ್ದರೆ

ಲಿನಕ್ಸ್ ಕಲಿಯೋಕೆ ತಗೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಮಿಂಟ್ (ಲಿನಕ್ಸ್‌ನ ಒಂದು ಬಗೆ) ಹಾಕಿದಿರಿ, ಈಗ ವೈಫೈ ಹೆಸರುಗಳೇ ಕಾಣ್ತಿಲ್ಲ, ಅಲ್ವಾ? ಬಹುಶಃ ಒಳಗಿರುವುದು ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್. ಅದರ ಡ್ರೈವರ್, ಅಂದರೆ ಚಿಪ್ ನಡೆಸುವ ಸಾಫ್ಟ್‌ವೇರ್, ಎಷ್ಟೋ ಸಲ ತಾನಾಗಿ ಬರುವುದಿಲ್ಲ. ಸುಮ್ನೆ ಲ್ಯಾಪ್‌ಟಾಪ್ ವಾಪಸ್ ಕೊಡೋಕೆ ಹೋಗಬೇಡಿ.

ಮೊದಲು ಅಂಚಿನಲ್ಲಿ ವೈಫೈ ಸ್ವಿಚ್ ಇದೆಯಾ ನೋಡಿ. ಕೆಲವು ಹಳೆ ಮಾಡೆಲ್‌ಗಳಲ್ಲಿ ಉಗುರಿನಷ್ಟು ಚಿಕ್ಕದು ಇರುತ್ತದೆ, ಬ್ಯಾಗಿನಿಂದ ತೆಗೆಯುವಾಗಲೇ ಆಫ್ ಆಗಿಬಿಡುತ್ತದೆ. ಅದು ಸರಿಯಿದ್ದರೆ ಫೋನನ್ನು ಕೇಬಲ್ ಹಾಕಿ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಲ್ಯಾಪ್‌ಟಾಪಿಗೆ ಕೊಡುವ ಆಯ್ಕೆ) ಆನ್ ಮಾಡಿ. ಇಂಟರ್ನೆಟ್ ಬಂದ ಮೇಲೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬ್ರಾಡ್‌ಕಾಮ್ ಹೆಸರಿನ ಕೆಳಗೆ ಡ್ರೈವರ್ ಮ್ಯಾನೇಜರೇ ಶಿಫಾರಸು ಮಾಡುವ ಡ್ರೈವರ್ ಆರಿಸಿ, ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ.

ಆಮೇಲೂ ಬರದಿದ್ದರೆ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ ಎಂಬ ಭದ್ರತೆಯ ಆಯ್ಕೆ ಆಫ್ ಮಾಡಿ. ಡಿಜಿಟಲ್ ಸಹಿಯಿಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ತೀರಾ ಹಳೆ ಲ್ಯಾಪ್‌ಟಾಪ್ ಆದರೆ ಆ ಆಯ್ಕೆಯೇ ಇರುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಇಂಟರ್ನೆಟ್ ಇದ್ದೂ ಡ್ರೈವರ್ ಮ್ಯಾನೇಜರ್ ಏನೂ ತೋರಿಸದಿದ್ದರೆ ಚಿಪ್ ಬೇರೆಯದಿರಬಹುದು. ಆಗ ಮೆನುವಿನಲ್ಲಿ ಸಿಸ್ಟಮ್ ರಿಪೋರ್ಟ್ಸ್ ತೆರೆದು, ಸಿಸ್ಟಮ್ ಮಾಹಿತಿಯಲ್ಲಿ ನೆಟ್‌ವರ್ಕ್ ಅಂತ ಶುರುವಾಗುವ ಸಾಲುಗಳನ್ನು ಇಲ್ಲಿ ಹಾಕಿ. ಚಿಪ್ ಹೆಸರು ಅಲ್ಲೇ ಇರುತ್ತದೆ.