ಆತ್ಮಕಥೆ ಓದಲು ಕೂತಾಗ ಮಾತು ದಾರಿ ತಪ್ಪದಂತೆ ಏನು ಮಾಡಬೇಕು?

ಕೊಪ್ಪಳದಲ್ಲಿ ಹತ್ತು ಹೆಣ್ಮಕ್ಕಳು ಸೇರಿ ಡಾ. ವಿಜಯಾ ಅವರ ‘ಕುದಿ ಎಸರು’ ಓದ್ತಿದ್ದೀವಿ, ಚರ್ಚೆಗೆ ಕೂತ ಹತ್ತು ನಿಮಿಷಕ್ಕೇ ಮಾತು ಮನೆಮನೆ ಕಥೆಗೆ ಹೊರಳುತ್ತದೆ ಅಂತ ಕೇಳಿದ್ದೀರಿ.

ಅಕ್ಕಾ, ಹಾಗಾಗೋದಕ್ಕೆ ಹೆಚ್ಚಾಗಿ ಮೊದಲ ಪ್ರಶ್ನೆಯೇ ಕಾರಣ. ‘ಆಕೆ ಮಾಡಿದ್ದು ಸರಿಯಾ?’ ಅಂತ ಶುರು ಮಾಡಿದರೆ ಎಲ್ಲರೂ ಪಂಚಾಯ್ತಿಗೆ ಕೂತಂಗಾಗುತ್ತದೆ, ಪುಸ್ತಕ ಮುಚ್ಚಿಬಿಡುತ್ತದೆ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕೃತಿ ಅಂತ ಉದ್ದ ಪರಿಚಯವೂ ಬೇಡ. ಹೆಸರಿನಿಂದಲೇ ಶುರು ಮಾಡ್ರಿ. ನಮ್ಮ ಕಡೆ ಜೋಳದ ಹಿಟ್ಟಿಗೆ ಎಸರು ಹಾಕದ ಕೈ ಯಾವುದಿದೆ? ಎಸರು ಸರಿಯಾಗಿ ಕುದಿಯದಿದ್ದರೆ ಹಿಟ್ಟಿಗೆ ಜಿಗಿ ಬರೋದಿಲ್ಲ, ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ಬದುಕಿಗೆ ಈ ಹೆಸರು ಯಾಕಿಟ್ಟರು ಅಂತ ಕೇಳಿದರೆ ಪುಸ್ತಕ ಓದದೆ ಬಂದವರೂ ಬಾಯಿ ಬಿಡ್ತಾರೆ.

ಆಮೇಲೆ ಎರಡು ಪುಟ ಗಟ್ಟಿಯಾಗಿ ಓದಿಸ್ರಿ, ಐದಾರು ನಿಮಿಷ ಸಾಕು. ಪುಟಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗಬಹುದು, ಅದಕ್ಕೆ ಅಧ್ಯಾಯ ಮತ್ತು ಪ್ಯಾರಾದ ಮೊದಲ ಮಾತು ಹಿಂದಿನ ದಿನವೇ ತಿಳಿಸಿಡ್ರಿ. ಯಾರು ಏನೇ ಅಂದರೂ ‘ಅದು ಯಾವ ಸಾಲಿನಲ್ಲಿದೆ, ತೋರಿಸವ್ವಾ’ ಅನ್ನೋದು ರೂಢಿಯಾಗಲಿ. ಮಾತು ಪುಸ್ತಕಕ್ಕೆ ವಾಪಸ್ ಬರೋದು ಇದರಿಂದಲೇ.

ಆತ್ಮಕಥೆಯಲ್ಲಿ ಇಬ್ಬರಿರ್ತಾರೆ. ಅಂದು ಅನುಭವಿಸಿದವಳು ಒಬ್ಬಳು, ವರ್ಷಗಳು ಕಳೆದ ಮೇಲೆ ಕೂತು ಬರೆದವಳು ಇನ್ನೊಬ್ಬಳು. ಈ ಸಾಲು ಯಾರದು? ಸಣ್ಣ ಸಂಗತಿಗೆ ಒಂದು ಪುಟ ಕೊಟ್ಟವರು ದೊಡ್ಡದನ್ನ ಎರಡೇ ಸಾಲಿಗೆ ಮುಗಿಸಿದ್ದು ಎಲ್ಲಿ, ಯಾಕೆ? ಇಂಥ ಎರಡು ಪ್ರಶ್ನೆ ಹಿಡಿದರೆ ಒಂದು ತಾಸು ಸಾಲೋದಿಲ್ಲ.

ತಮ್ಮ ಮನೆ ಮಾತು ಬಂದೇ ಬರುತ್ತದೆ, ಬಾಯಿ ಮುಚ್ಚಿಸಬ್ಯಾಡ್ರಿ. ಕೊನೆಯ 20 ನಿಮಿಷ ಅದಕ್ಕೇ ಬಿಡ್ರಿ. ಒತ್ತಾಯ ಮಾತ್ರ ಬೇಡವೇ ಬೇಡ. ಇದು ಹೊಡೆತ-ಬಡಿತದ ನೆನಪಿರುವ ಪುಸ್ತಕ, ಕೂತವರಲ್ಲಿ ಒಬ್ಬರು ಇವತ್ತಿಗೂ ಅದನ್ನೇ ಉಣ್ತಿರಬಹುದು. ಅಂಥವರನ್ನ ಎಲ್ಲರೆದುರು ಕೆದಕದೆ, ಆಮೇಲೆ ಪಕ್ಕಕ್ಕೆ ಕರೆದು 181 ಮಹಿಳಾ ಸಹಾಯವಾಣಿಯ ಬಗ್ಗೆ ಹೇಳ್ರಿ.

ಊರು ಸಣ್ಣದು, ಒಬ್ಬರ ಬೀಗರು ಇನ್ನೊಬ್ಬರ ಓಣಿಯವರು. ರೆಕಾರ್ಡಿಂಗ್ ಬೇಡ, ಕೇಳದೆ ಯಾರ ಫೋಟೋವನ್ನೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕೋದು ಬೇಡ.

ಚಹಾ, ಮಂಡಕ್ಕಿ ಒಗ್ಗರಣೆ ಕೊನೆಗೇ ಇಡ್ರಿ. ನಡುವೆ ತಟ್ಟೆ ಬಂದರೆ ಗುಂಪು ಮೂರು ಪಾಲಾಗುತ್ತದೆ, ಮತ್ತೆ ಕೂಡೋದಿಲ್ಲ.