ಉದ್ಯಾನದ ತೊರೆಯ ದಂಡೆ ಪ್ರತಿ ಮಳೆಗೂ ಕುಸಿಯುತ್ತಿದೆ. ಎರಡೂ ಬದಿಗೆ ಕಲ್ಲಿನ ಗೋಡೆ ಕಟ್ಟಿಸಿದರೆ ಸಾಕೇ?

ದಯವಿಟ್ಟು ಗೋಡೆಗೆ ಅವಸರ ಮಾಡಬೇಡಿ. ಮೊದಲು ತೊರೆಗಿಳಿದು ಅದರ ತಳವನ್ನು ನೋಡಿ. ತೊರೆಗೆ ಮಳೆನೀರು ಬಿಡುವ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಎಷ್ಟೋ ಮೇಲೆ ಚಾಚಿಕೊಂಡಿದೆಯೇ? ಕಾಲುಸೇತುವೆಯ ಅಡಿಪಾಯ ಬಯಲಾಗಿದೆಯೇ? ಹಾಗಿದ್ದರೆ ಕುಸಿತ ಕಾಣುವುದು ದಂಡೆಯಲ್ಲಿ, ಅದರ ಕಾರಣವಿರುವುದು ತಳದಲ್ಲಿ.

ನಗರದ ಚಾವಣಿ, ರಸ್ತೆಗಳ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗದೆ ಒಮ್ಮೆಲೇ ತೊರೆಗೆ ನುಗ್ಗಿ ತಳವನ್ನು ಕೊರೆಯುತ್ತದೆ. ತಳ ಇಳಿದಷ್ಟೂ ದಂಡೆ ಎತ್ತರವಾಗಿ, ಕಡಿದಾಗಿ, ತನ್ನ ಭಾರವನ್ನೇ ತಾಳಲಾರದೆ ಉರುಳುತ್ತದೆ. ಎಷ್ಟೋ ಸಲ ದಂಡೆ ಬೀಳುವುದು ನೆರೆ ಏರುವಾಗಲ್ಲ, ಇಳಿಯುವಾಗ. ಮಣ್ಣು ನೀರು ಕುಡಿದು ತೂಕವಾಗಿರುತ್ತದೆ, ಅದನ್ನು ಎದುರಿನಿಂದ ಒತ್ತಿ ಹಿಡಿದಿದ್ದ ನೀರು ಹರಿದುಹೋಗಿರುತ್ತದೆ. ನೀವು ಗೋಡೆ ಕಟ್ಟಿದರೂ ಅದರ ಬುಡ ಹೀಗೆಯೇ ಕೊರೆದುಹೋಗುತ್ತದೆ.

ತಳದಲ್ಲಿ ಎಲ್ಲಾದರೂ ಥಟ್ಟನೆ ಇಳಿಯುವ ಮೆಟ್ಟಿಲಿದ್ದರೆ ಮೊದಲ ಚಿಕಿತ್ಸೆ ಅಲ್ಲಿಗೆ. ಆ ಮೆಟ್ಟಿಲು ಪ್ರತಿ ನೆರೆಯಲ್ಲೂ ಮೇಲ್ಹರಿವಿನ ಕಡೆಗೆ ಸರಿಯುತ್ತಾ ಹೊಸ ದಂಡೆಗಳನ್ನು ಕೆಡವುತ್ತದೆ. ದೊಡ್ಡ ಕಲ್ಲುಗಳನ್ನು ಎರಡೂ ದಡದೊಳಕ್ಕೆ ಆಳವಾಗಿ ಹುದುಗಿಸಿ, ನಡು ತಗ್ಗಾಗಿ ಇರುವಂತೆ ಸಣ್ಣ ಸಣ್ಣ ಹಂತಗಳನ್ನು ಮಾಡಬೇಕು. ಕಲ್ಲುಗಳು ದಡದ ಅಂಚಿಗೇ ನಿಂತುಬಿಟ್ಟರೆ ನೀರು ಬದಿಯಿಂದ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಕಲ್ಲಿನ ಗಾತ್ರ, ಹಂತದ ಎತ್ತರಗಳನ್ನು ನೆರೆಯ ಲೆಕ್ಕ ಬಲ್ಲ ಎಂಜಿನಿಯರ್ ನಿರ್ಧರಿಸಲಿ, ಅಂದಾಜು ಇಲ್ಲಿ ಅಪಾಯಕಾರಿ. ಆಮೇಲೆ ದಂಡೆಯನ್ನು ಹಿಂದಕ್ಕೆ ಓರೆಯಾಗಿ ತಗ್ಗಿಸಿ, ತೆಂಗಿನ ನಾರಿನ ಜಾಲ ಹೊದಿಸಿ, ಆ ನೆಲದ್ದೇ ಆದ ಹುಲ್ಲು, ಜೊಂಡು, ಪೊದೆಗಳನ್ನು ನೆಡಿ. ನಾರು ಕೊಳೆಯುವ ಹೊತ್ತಿಗೆ ಬೇರುಗಳು ಮಣ್ಣನ್ನು ಹಿಡಿದಿರಬೇಕು.

ಉದ್ಯಾನದಲ್ಲಿರುವ ತೊರೆಗೆ ಹರಡಿಕೊಳ್ಳಲು ಜಾಗ ಸಿಗುವುದು ದೊಡ್ಡ ಭಾಗ್ಯ, ಅದನ್ನು ಗೋಡೆ ಕಟ್ಟಿ ಕಳೆದುಕೊಳ್ಳಬೇಡಿ. ಸಿಂಗಾಪುರದ ಬಿಶಾನ್-ಆಂಗ್ ಮೊ ಕಿಯೊ ಉದ್ಯಾನದಲ್ಲಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ ಸುಮಾರು 3.2 ಕಿಲೋಮೀಟರ್ ಬಳುಕುವ ನದಿಯಾಗಿಸಿದರು. ಭಾರಿ ಮಳೆಯಲ್ಲಿ ಅಲ್ಲಿನ ಹುಲ್ಲುಹಾಸಿನ ಮೇಲೆಯೇ ನೆರೆ ಹರಡುತ್ತದೆ.

ಮೇಲ್ಹರಿವಿನಲ್ಲಿ ಇಂಗುಗುಂಡಿ, ಮಳೆತೋಟಗಳಿಂದ (ಮಳೆನೀರು ನಿಂತು ಇಂಗುವಂತೆ ತಗ್ಗಿನಲ್ಲಿ ಗಿಡ ನೆಟ್ಟ ಪಾತಿಗಳಿಂದ) ನೀರಿನ ರಭಸ ತಗ್ಗಿಸುವ ಕೆಲಸವೂ ಜೊತೆಜೊತೆಗೆ ಸಾಗಬೇಕು, ಅದಿಲ್ಲದೆ ಉಳಿದದ್ದು ಬಹುಕಾಲ ಬಾಳದು. ಹೊಸ ಗಿಡಗಳು ಬೇರೂರುವವರೆಗೆ ದಂಡೆಗೆ ಬೇಲಿ ಹಾಕಿ, ಜನರು ನೀರಿನ ಬಳಿ ಹೋಗಲು ಒಂದು ಗಟ್ಟಿಯಾದ ಕಲ್ಲುದಾರಿಯನ್ನು ಮಾತ್ರ ಬಿಡಿ. ದಾರಿಯಿಲ್ಲದಿದ್ದರೆ ಮಕ್ಕಳು ಬೇಲಿ ದಾಟಿಯೇ ಇಳಿಯುತ್ತಾರೆ, ನೆಟ್ಟದ್ದೆಲ್ಲ ತುಳಿತಕ್ಕೆ ಸಿಗುತ್ತದೆ.